ಗೌನಿಪಲ್ಲಿಗೆ ಸಾಲದ ಪೆಟ್ರೋಲು

ಯುದ್ಧಕಾಲ. ಪೆಟ್ರೋಲು ಕೂಪನ್ನಿಗೆ ಅಳೆದು ಕೊಡುತ್ತಿದ್ದರು. ನಮ್ಮ ಸಂಚಾರಿ ಆಸ್ಪತ್ರೆಯ ವ್ಯಾನು ಮಂಚಗಳ ಟ್ರೈಲರ್ ಎಳೆದುಕೊಂಡು ಗೌನಿಪಲ್ಲಿಗೆ ಹೋದರೆ ವಾಪಸು ಬರಲು ಪೆಟ್ರೋಲು ಸಾಲುತ್ತಿರಲಿಲ್ಲ. ಹೀಗೇ ಆದರೆ ಆ ಊರನ್ನೇ ಬಿಟ್ಟುಬಿಡಿ ಎಂದು ಮೇಲಿನವರ ಪತ್ರ ಬಂತು.

ಇಂಗ್ಲಿಷ್ ಪುಸ್ತಕ ಓದಿ ಗಾಳಿಯ ತಡೆ ತಗ್ಗಿಸುವ ಉಪಾಯ ಹುಡುಕಿಟ್ಟಿದ್ದೆ. ಡ್ರೈವರ್ ಸಾಬರಿಗೆ ಅದನ್ನು ಹೇಳಲು ಸಂಕೋಚ. ಅಷ್ಟರಲ್ಲಿ ಆಯಾ ಮುನಿಯಮ್ಮ, "ಏನ್ ಸಾಬ್ರೇ, ಮಂಚ ನಿಲ್ಸಿ ಕಟ್ಟಿದ್ರೆ ಗಾಳಿ ಹಿಡಿಯಲ್ವಾ? ಹುಲ್ಲಿನ ಗಾಡಿ ಹೊಡೆದೋಳು ನಾನು. ಮಲಗ್ಸಿ ಕಟ್ಟಿ" ಅಂದಳು.

ಸಾಬರು ಹಾಗೇ ಕಟ್ಟಿದರು. ಅಂದು ಹೋಗಿ ಬಂದರೂ ಪೆಟ್ರೋಲು ಮಿಕ್ಕಿತು.

"ಅರೆ, ನೀನೇ ನಮ್ಮ ಇಂಜಿನೀರು ಕಣಮ್ಮ!" ಎಂದರು ಸಾಬರು.

ನನ್ನ ಹೊಟ್ಟೆ ಉರಿದುಹೋಯಿತು. ಇಂಗ್ಲಿಷಿನಲ್ಲಿ ವರದಿ ಬರೆಯುವವಳು ನಾನೇ ತಾನೆ. ಗಾಳಿಯ ವಿಷಯ ಪುಟ ತುಂಬ ಬರೆದೆ. ಮುನಿಯಮ್ಮನ ಹೆಸರಿಗೆ ಮಾತ್ರ ಜಾಗ ಸಿಗಲಿಲ್ಲ.