ಅಡ್ಡಗಲ್ಲಿನ ಖಾಲಿ ಜಾಗ

ಮರದ ಮನೆ ಕೆಡವಿ ಕಲ್ಲಿನ ಮನೆ ಕಟ್ಟುವ ಹುಚ್ಚು ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ಆ ಕಣಿವೆಗೆಲ್ಲ ಹಿಡಿದಿತ್ತು. ಮನೆ ಎದ್ದ ಮೇಲೆ ಮುಂಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ಮನೆತನದ ಹೆಸರಿನ ಮೊದಲಕ್ಷರ, ಅದರ ಕೆಳಗೆ ಗಂಡನದೊಂದು, ಹೆಂಡತಿಯದೊಂದು ಕೆತ್ತಿಸುವುದು ರೂಢಿ. ಆಂಬ್ರೋಸನ ಹೆಂಡತಿ ಥಾಮಸಿನ್‌ಗೆ ಓದು ಬಾರದು. ತನ್ನ ಅಕ್ಷರ ಮಾತ್ರ ಗೊತ್ತಿತ್ತು: ಒಂದು ಕಂಬ, ಅದರ ತಲೆಯ ಮೇಲೊಂದು ತೊಲೆ. ಅದಕ್ಕಾಗಿಯೇ ಎಂಬಂತೆ, ತಮ್ಮ ಮನೆ ಏಳುವಾಗ ಬಸುರಿಯಾಗಿದ್ದರೂ ಹಳ್ಳದಿಂದ ಕಲ್ಲು ಹೊತ್ತಳು, ಗಾರೆ ಬಿಗಿಯಾಗಲೆಂದು ಸುಣ್ಣಕ್ಕೆ ಹಸುವಿನ ಕೂದಲು ಕಲಸಿ ತುಳಿದಳು, ಕಲ್ಲುಕುಟಿಗರಿಗೆಲ್ಲ ಓಟ್ಸ್ ರೊಟ್ಟಿ ಸುಟ್ಟಳು.

ಗಾರೆಯ ಬುಟ್ಟಿಯೊಂದಿಗೆ ಏಣಿಯಿಂದ ಬಿದ್ದಳು. ಮಗು ಸತ್ತೇ ಹುಟ್ಟಿತು; ಅವಳಿಗೆ ಜ್ವರ ಏರಿತು. ಕಲ್ಲುಕುಟಿಗ ಗೈಲ್ಸ್ ಬಾಗಿಲಲ್ಲಿ ನಿಂತು ಕೇಳಿದ್ದು ಹಾಸಿಗೆಗೆ ಕೇಳಿಸಿತು.

"ಅಮ್ಮಾವ್ರ ಅಕ್ಷರ ಕೆತ್ತಿಬಿಡ್ಲಾ, ಯಜಮಾನ್ರೇ?"

"ತಡಿಯಯ್ಯಾ," ಎಂದ ಗಂಡ ಆಂಬ್ರೋಸ್. "ಇವಳು ಹೋದ್ರೆ? ಬರೋಳು ದಿನಾ ಇವಳ ಅಕ್ಷರ ನೋಡ್ಕೊಂಡು ಓಡಾಡ್ಬೇಕಾ? ಜಾಗ ಬಿಡು."

ಥಾಮಸಿನ್ ಹೋಗಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಕೇಳಿದಳು.

"ಬದುಕಿದೀನಲ್ಲ, ಈಗ ಕೆತ್ತಿಸಿ."

"ಮೊದ್ಲು ಬದುಕೋ ಮಗು ಒಂದು ಹೆತ್ತು ತೋರ್ಸು."

"ನನ್ನ ಹೆಸ್ರು ಯಾವ ಕಲ್ಲಲ್ಲಿದೆ ಹೇಳೇ?" ಎಂದಳು ಅತ್ತೆ. "ನಾನೇನು ಸತ್ತೋದ್ನಾ?"

ಕೊನೆಗೆ ಗಂಡು ಹುಟ್ಟಿತು. ಅಲ್ಲಿಯ ಕಟ್ಟಳೆಯಂತೆ, ಬಾಣಂತಿ ಶುದ್ಧಿಯ ಪ್ರಾರ್ಥನೆಗೆ ಚರ್ಚಿಗೆ ಹೋಗುವ ದಿನದವರೆಗೆ ಹೊಸ್ತಿಲು ದಾಟುವಂತಿಲ್ಲ. ಒಂದು ಬೆಳಿಗ್ಗೆ ಕೆಳಗಿನಿಂದ ಉಳಿಯ ಸದ್ದು ಕೇಳಿ ಅವಳ ಕಣ್ಣು ತುಂಬಿತು.

"ಅತ್ತೆ, ಅಕ್ಷರಾನಾ?"

"ಹೂಂ, ಅಕ್ಷರಾನೇ. ಸುಮ್ನೆ ಮಲಕ್ಕೋ, ಅತ್ರೆ ಹಾಲು ಬತ್ತುತ್ತೆ."

ಚರ್ಚಿಗೆ ಹೊರಟ ದಿನ ಹೊಸ್ತಿಲಾಚೆ ನಿಂತು ತಲೆಯೆತ್ತಿದಳು. ಖಾಲಿ ಜಾಗದಲ್ಲಿ ಕಂಬವೂ ಇಲ್ಲ, ತೊಲೆಯೂ ಇಲ್ಲ. ಕುಡುಗೋಲಿನಂತೆ ಬಾಗಿದ ಗೆರೆಯೊಂದಿತ್ತು.

"ನಮ್ಮ ಕ್ರಿಸ್ಟೋಫರಂದು," ಎಂದ ಆಂಬ್ರೋಸ್, ಕೂಸನ್ನು ಕಲ್ಲಿಗೆ ಎತ್ತಿ ತೋರಿಸುತ್ತ. "ಎಷ್ಟು ಚೆನ್ನಾಗಿ ಕೂತಿದೆ ನೋಡು!"

"ನಂದು?"

"ಇನ್ನೆಲ್ಲಿದೆ ಜಾಗ?"

"ಬೇಗ ನಡಿಯೇ," ಎಂದಳು ಅತ್ತೆ. "ಬಂದು ಅಡಿಗೆ ಮಾಡ್ಬೇಕು. ಅಕ್ಷರ ನೋಡೋಕೆ ಜನ ಬರ್ತಾರೆ."

ಬದುಕಿ ಉಳಿದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳು ಎಂದರು ಪಾದ್ರಿ. ಹೇಳಿದಳು. ಹಿಂದಿರುಗಿದವಳು ಮನೆಯನ್ನು ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಒಳಹೊಕ್ಕು ಒಲೆ ಹಚ್ಚಿದಳು. ಮುಂದೆ ಯಾವತ್ತೂ ಅವಳು ಮುಂಬಾಗಿಲಿಂದ ಓಡಾಡಲಿಲ್ಲ. ಅದನ್ನು ಗಮನಿಸಿದ್ದು ಅತ್ತೆಯೊಬ್ಬಳೇ. ಮುಂಬಾಗಿಲ ಹಾಸುಗಲ್ಲು ಈಗ ಅಷ್ಟು ಕೊಳೆಯಾಗುವುದಿಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು.