ಸುಜಾತಾ ಸಿಸ್ಟರ್ ಕುಡಿದ ಬಟ್ಟಲು

ನಿಮ್ಮ ಮನೆಯ ಹೆಂಗಸರಲ್ಲಿ ಒಬ್ಬರಾದರೂ ಮದುವೆ, ಬಾಣಂತನ, ಆಸ್ಪತ್ರೆ, ಸಾವು, ದೇವರು ಇವಿಷ್ಟನ್ನು ಬಿಟ್ಟು, ಬರೀ ನೋಡಬೇಕೆಂಬ ಆಸೆಗಾಗಿ ಊರು ದಾಟಿದ್ದನ್ನು ನೀವು ಕಂಡಿದ್ದೀರಾ?

ನಾನು ಕಂಡದ್ದು ಒಬ್ಬರನ್ನೇ. ಅರವತ್ತು ದಾಟಿದ ಹೆಂಗಸು. ಮೈಮೇಲೆ ನೂಲಿನ ಸೀರೆ, ಕಾಲಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು, ತಲೆಗೆ ಬಿಸಿಲಿನ ಟೊಪ್ಪಿಗೆ, ಬೆನ್ನಿಗೆ ಕಾಲೇಜು ಹುಡುಗರ ಚೀಲ. ಆಳಂದದ ಬಸ್ ನಿಲ್ದಾಣದಲ್ಲಿ ಹಾಗೆ ನಿಂತವರನ್ನು ನೋಡಿ ಪರಿಚಯದ ಕಂಡಕ್ಟರ್ ಕೇಳಿದ:

"ಎಲ್ಲಿಗ್ರಿ ಸಿಸ್ಟರ್, ತುಳಜಾಪುರದ ದೇವಿ ದರ್ಶನಕ್ಕೇನು?"

"ಫಿಜಿಗೆ ಹೊಂಟೇನಿ. ನೀ ಕಲಬುರಗಿ ತನಕ ಒಯ್ದು ಬಿಡು, ಮುಂದಿಂದು ನಾ ನೋಡ್ಕೋತೇನಿ."

ಅವರೇ ಸುಜಾತಾ ಸಿಸ್ಟರ್. ಪಕ್ಕದಲ್ಲಿ ಅಂಥದೇ ಚೀಲ ಹೊತ್ತು, ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದವಳು ನಾನು.

ಅವರು ಆಳಂದದ ಕಡೆಯ ಹಿರೋಳ್ಳಿಯ ಬೌದ್ಧ ಕುಟುಂಬವೊಂದರ ಮಗಳು; ಅಲ್ಲಿದ್ದ ತಮ್ಮನಿಗೆ ಹೇಳಿ ಆ ದಿನ ನಾವು ಹೊರಟಿದ್ದೆವು. ಅಫಜಲಪುರ ತಾಲ್ಲೂಕಿನ ಕರಜಗಿಯ ಕಡೆ ನರ್ಸಾಗಿ ಕೆಲಸಕ್ಕೆ ಸೇರಿ, ಕೊನೆಗೆ ಜೇವರ್ಗಿಗೆ ವರ್ಗವಾಗಿ ಬಂದರು. ಅಲ್ಲಿ ನಮ್ಮ ಓಣಿಯಲ್ಲಿಯೇ ಬಾಡಿಗೆಗಿದ್ದರು. ಮದುವೆಯಾಗಿರಲಿಲ್ಲ. ನಾನಾಗ ಪದವಿ ತರಗತಿಯಲ್ಲಿದ್ದೆ, ಚರ್ಚಾಸ್ಪರ್ಧೆಗಳ ಹುಚ್ಚು. ನನ್ನ ಭಾಷಣದ ತಾಲೀಮಿಗೆ ಅವರೊಬ್ಬರೇ ಶ್ರೋತೃ. ನಾಡಿ ಎಣಿಸುವ ಕೈಗಡಿಯಾರದ ಮೇಲೆ ಕಣ್ಣಿಟ್ಟು ಕೇಳುತ್ತಿದ್ದರು. ಸಮಾನತೆಯ ಬಗ್ಗೆ ನಾನು ಆವೇಶದ ತುದಿಗೇರಿದಾಗಲೇ "ಟೈಮ್ ಆತು, ಇಳಿ ಕೆಳಗ" ಎನ್ನುತ್ತಿದ್ದರು. ಆಮೇಲೆ ಒಂದೇ ತೀರ್ಪು: "ಛಲೋ ಮಾತಾಡ್ತಿ ಬೇ. ಆದರ ಜಡ್ಜ್ ಸಾಹೇಬ್ರ ಕಡಿ ನೋಡಿ ಮಾತಾಡ್ತಿ. ಮುಂದ ಕುಂತ ಮಂದಿ ಕಡಿ ನೋಡೂದೇ ಇಲ್ಲ."

ಅವರ ಒಂದು ಅಭ್ಯಾಸ ಓಣಿಗೆಲ್ಲ ಗೊತ್ತಿತ್ತು. ಯಾರ ಮನೆಗೆ ಹೋದರೂ, ಚಹಾ ಬಂದಾಗ ಚೀಲದಿಂದ ತಮ್ಮದೇ ಸಣ್ಣ ಸ್ಟೀಲ್ ಗ್ಲಾಸು ತೆಗೆದು ಮುಂದೆ ಹಿಡಿಯುವರು. "ಇದರಾಗ ಹಾಕ್ರಿ. ನನ್ನ ಗಿಲಾಸ್ ನನ್ನ ಕೂಡ ಇರ್ತದ." ಕುಡಿದಾದ ಮೇಲೆ ತಾವೇ ತೊಳೆದು ಒರೆಸಿ ಒಳಗಿಟ್ಟುಕೊಳ್ಳುವರು. ನಮ್ಮ ತಾಯಿ ಇದನ್ನು ಬಾಯಿತುಂಬ ಹೊಗಳುತ್ತಿದ್ದರು: "ನರ್ಸ್ ಅಂದ್ರ ಹಿಂಗ ಸ್ವಚ್ಛ ಇರಬೇಕು ನೋಡು." ಆ ಹೊಗಳಿಕೆಯೊಳಗೆ ಎಷ್ಟು ನಿರಾಳವಿತ್ತೆಂಬುದು ಆಗ ನನಗೆ ತಿಳಿಯಲಿಲ್ಲ.

ಇನ್ನು ಫಿಜಿಯ ಮಾತು. ಕರಜಗಿಯ ಹೆರಿಗೆ ಕೋಣೆಯ ಗೋಡೆಗೆ ಔಷಧದ ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರೊಂದು ನೇತಾಡುತ್ತಿತ್ತಂತೆ. ವರ್ಷ ಮುಗಿದರೂ ಸಿಸ್ಟರ್ ಅದನ್ನು ಕೀಳಲು ಬಿಡಲಿಲ್ಲ. ತೆಂಗಿನ ಮರಗಳು, ಬಿಳಿಯ ಮರಳು, ನಂಬಲಾಗದಷ್ಟು ನೀಲಿಯಾದ ನೀರು. ಕೆಳಗೆ ಫಿಜಿ ಎಂಬ ಹೆಸರು. ನೋವು ತಿನ್ನುವ ಹೆಂಗಸರಿಗೆ ಅವರು ಅದನ್ನು ತೋರಿಸುತ್ತಿದ್ದರು. "ಆ ನೀರು ನೋಡವ್ವ. ನೋಡ್ಕೋತ ಉಸಿರು ಬಿಡು." ಎಷ್ಟೋ ಮಕ್ಕಳು ಆ ನೀರಿನೆದುರು ಹುಟ್ಟಿದವು. ನಿವೃತ್ತಿಯ ನಂತರ ಅವರಿಗೆ ಒಂದೇ ಚಿಂತೆ: "ಇಷ್ಟು ಮಂದಿಗೆ ತೋರಿಸೇನಿ. ಅಂಥ ನೀರು ಖರೇನೇ ಅದನೋ ಇಲ್ಲೋ, ಒಮ್ಮಿ ನೋಡಬೇಕಲ್ಲ? ಬರ್ತಿಯೇನ್ ಬೇ?" ಉಪನ್ಯಾಸಕಿಯಾಗಿ ನಾನು ನಾಲ್ಕು ಕಾಸು ಕೂಡಿಟ್ಟಿದ್ದೆ. ಹೊರಟೆ.

ಫಿಜಿಯ ತವೆಯುನಿ ಎಂಬ ದ್ವೀಪದಲ್ಲಿ ನಾವು ಕಳೆದ ಒಂದು ದಿನ ನನ್ನ ಕಣ್ಣಲ್ಲಿ ಈಗಲೂ ಬೆಳಗುತ್ತಿದೆ. ಕಿಟಕಿಗೆ ಗಾಜಿಲ್ಲದ ಬಸ್ಸಿನಲ್ಲಿ ಬೆಳಿಗ್ಗೆ ಹೊರಟು, ಕಡಲ ಅಂಚಿನ ಸಣ್ಣ ಅಂಗಡಿಯೊಂದರ ಮುಂದೆ ಇಳಿದೆವು. ಅಂಗಡಿಯಾಕೆ ರಾಮರತಿ. ಕಬ್ಬಿನ ತೋಟದ ಕೂಲಿಗೆಂದು ಹಡಗೇರಿ ಬಂದ ಭಾರತೀಯರ ಮರಿಮಗಳು. ಮಾತು ಅಲ್ಲಿನ ಹಿಂದಿ. ನನ್ನ ಕಾಲೇಜು ಹಿಂದಿ ಆಕೆಗೆ ಹಿಡಿಸಲಿಲ್ಲ. ಸಿಸ್ಟರ್ ನಮ್ಮ ಕಲಬುರಗಿ ಕಡೆಯ ದಖನಿ ಉರ್ದುವಿನಲ್ಲಿ "ಹಮೇ ಗುಲ್ಬರ್ಗಾ ಕೇ, ಅಮ್ಮಾ. ಪಾನಿ ದೇಖ್‌ನೇ ಆಯೇ" ಎಂದು ನೀರು ನೋಡಲು ಬಂದ ಸುದ್ದಿ ಹೇಳಿದ್ದೇ ತಡ, ಆಕೆ ನಕ್ಕು ಬಿಸಿ ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಟ್ಟಳು. ಕಬ್ಬಿನ ಮಾತು ಬಂದಾಗ ಭೂಸನೂರಿನ ಸಕ್ಕರೆ ಕಾರ್ಖಾನೆಯ ಗಾಡಿಗಳ ಸಾಲನ್ನು ಸಿಸ್ಟರ್ ಕೈ ಚಾಚಿ ವರ್ಣಿಸಿದರು. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಓಣಿಯವರಾಗಿದ್ದರು.

ಆಮೇಲೆ ಕಡಲು. ಸಿಸ್ಟರ್ ಬೂಟು ಬಿಚ್ಚಿ, ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರಿನಲ್ಲಿ ಬಹಳ ಹೊತ್ತು ನಿಂತರು. ಬೊಗಸೆಯಲ್ಲಿ ತುಂಬಿ ನೋಡಿದರೆ ಬಣ್ಣವೇ ಇಲ್ಲ. ಚೆಲ್ಲಿದರೆ ಮತ್ತೆ ನೀಲಿ. "ಸುಳ್ಳು ಹೇಳಿಲ್ಲ ಬೇ ನಾ ಯಾರಿಗೂ" ಎಂದರು.

ಮಧ್ಯಾಹ್ನ ರಾಮರತಿ ನಮ್ಮನ್ನು ಹತ್ತಿರದ ಮೂಲನಿವಾಸಿಗಳ ಹಳ್ಳಿಗೆ ಕರೆದೊಯ್ದಳು. ಊರೊಳಗೆ ಕಾಲಿಡುವ ಮುನ್ನ ಟೊಪ್ಪಿಗೆ ತೆಗೆಯಬೇಕು, ಬೆನ್ನಿನ ಚೀಲವನ್ನು ಕೈಯಲ್ಲಿ ಹಿಡಿಯಬೇಕು ಎಂದಳು. ಸಿಸ್ಟರ್ ನಿಂತುಬಿಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಮ್ಮಪ್ಪ ಗೌಡರ ಓಣಿಯಾಗ ಚಪ್ಪಲಿ ಕೈಯಾಗ ಹಿಡಕೊಂಡು ಹೋಗ್ತಿದ್ದ. ಆಕಿನ್ನ ಕೇಳು, ಇದು ಎಲ್ಲಾರಿಗೂ ಅದನೋ, ನಮ್ಮಂಥವ್ರಿಗಷ್ಟೋ?" ಎಲ್ಲರಿಗೂ, ಮಂತ್ರಿ ಬಂದರೂ ಇದೇ ಎಂದು ರಾಮರತಿ ಹೇಳಿದಳು. "ಹಂಗಾದ್ರ ಬರೋಬ್ಬರಿ" ಎಂದು ಸಿಸ್ಟರ್ ಚೀಲ ಇಳಿಸಿದರು.

ಊರ ಹಿರಿಯನ ಮನೆಯಲ್ಲಿ ಚಾಪೆಯ ಮೇಲೆ ಕುಳಿತೆವು. ಅತಿಥಿಗಳು ಯಂಗೋನಾ ಎಂಬ ಬೇರಿನ ಕಟ್ಟನ್ನು ಕಾಣಿಕೆಯಾಗಿ ಕೊಡಬೇಕು. ಅದನ್ನು ಕುಟ್ಟಿ ಮರದ ದೊಡ್ಡ ಪಾತ್ರೆಯಲ್ಲಿ ನೀರಿಗೆ ಕಲಸುತ್ತಾರೆ. ತೆಂಗಿನ ಚಿಪ್ಪಿನ ಒಂದೇ ಬಟ್ಟಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಕುಡಿಯುತ್ತಾರೆ. ಕುಡಿದವರು ಊರಿಗೆ ಸೇರಿದರು ಎಂದರ್ಥ. ಹಿರಿಯ ಕುಡಿದ. ಬಟ್ಟಲು ಸಿಸ್ಟರ್ ಮುಂದೆ ಬಂತು. ಅವರು ಅಭ್ಯಾಸಬಲದಿಂದ ಚೀಲಕ್ಕೆ ಕೈಹಾಕಿ ಸ್ಟೀಲ್ ಗ್ಲಾಸು ತೆಗೆದು ಮುಂದೆ ಹಿಡಿದರು.

ಬಟ್ಟಲು ಹಿಡಿದ ತರುಣ ಹಿರಿಯನ ಮುಖ ನೋಡಿದ. ಅತಿಥಿ ತಮ್ಮ ಬಟ್ಟಲನ್ನು ನಿರಾಕರಿಸಿದಳು ಎಂದೇ ಅವರು ತಿಳಿದಿದ್ದರು. ನಾನು ಮುಂದೆ ಬಾಗಿ, ಆರೋಗ್ಯ, ಸೋಂಕು, ನರ್ಸ್ ವೃತ್ತಿ ಎಂದು ಇಂಗ್ಲಿಷಿನಲ್ಲಿ ವಾದ ಹೂಡಿದೆ.

"ನೀ ಸುಮ್ಮನಿರು ಬೇ," ಎಂದರು ಸಿಸ್ಟರ್. "ಅವರಿಗೆ ನಾ ಯಾರಂತ ಗೊತ್ತಿಲ್ಲ. ಗೊತ್ತಿಲ್ದ ಕೊಟ್ಟದ್ದು ನಾ ಕುಡಿಯಾಂಗಿಲ್ಲ. ಮೊದಲ ಹೇಳ್ತೇನಿ. ಆಮ್ಯಾಲೂ ಕೊಟ್ರ ಕುಡೀತೇನಿ."

ಅವರು ರಾಮರತಿಗೆ ದಖನಿಯಲ್ಲಿ ಹೇಳಿದ್ದನ್ನು ನಾನೂ ಅಂದೇ ಮೊದಲ ಬಾರಿ ಕೇಳಿದೆ. ಕರಜಗಿಯ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಮನೆಯಲ್ಲಿ ರಾತ್ರಿಯಿಡೀ ಕೂತು ಹೆರಿಗೆ ಮಾಡಿಸಿದ್ದರು. ಬೆಳಿಗ್ಗೆ ಆ ಮನೆಯವರು ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟರು. ಅಷ್ಟರಲ್ಲಿ ಬಂದ ನೆಂಟನೊಬ್ಬ "ಈಕಿ ಯಾರ ಪೈಕಿ?" ಎಂದು ಕೇಳಿದ. ಉತ್ತರ ತಿಳಿದ ಮೇಲೆ ಯಾರೂ ಬೈಯಲಿಲ್ಲ. ಅರ್ಧ ಚಹಾ ಇದ್ದ ಕಪ್ಪನ್ನು ಅವರ ಕೈಯಿಂದ ಮೆಲ್ಲಗೆ ಇಳಿಸಿಕೊಂಡು, ಹಿತ್ತಲಿನ ತಿಪ್ಪೆಗೆ ಎಸೆದರು. ಮರುದಿನವೇ ಅವರು ಆ ಗ್ಲಾಸು ಕೊಂಡಿದ್ದು.

ರಾಮರತಿ "ನಮ್ಮವರೂ ಹಡಗು ಹತ್ತುವಾಗ ಇದನ್ನೆಲ್ಲ ಹೊತ್ತು ತಂದಿದ್ದರಂತೆ, ಸಮುದ್ರದ ಮೇಲೆ ಒಂದೇ ಪಾತ್ರೆಯಲ್ಲಿ ಉಣ್ಣಬೇಕಾಯಿತಂತೆ" ಎಂದು ತನಗೆ ತಾನೇ ಎಂಬಂತೆ ಹೇಳಿ, ಹಿರಿಯನಿಗೆ ಅವನ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದಳು. ಆತ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡ. ಅವನಿಗೆ ಒಂದೇ ಸಂಶಯ: "ಈಕೆ ಕುಡಿದರೆ ಬಟ್ಟಲಿಗೆ ಏನಾಗುತ್ತದೆ?"

"ಕುಛ್ ನೈ ಹೋತಾ," ಏನೂ ಆಗುವುದಿಲ್ಲ, ಎಂದರು ಸಿಸ್ಟರ್.

"ಹಾಗಾದರೆ ಬೇಗ ಕುಡಿಯಲು ಹೇಳು. ಹಿಂದಿನವರು ಕಾಯುತ್ತಿದ್ದಾರೆ."

ಸಿಸ್ಟರ್ ಗ್ಲಾಸನ್ನು ಚೀಲದೊಳಗಿಟ್ಟರು. ರಾಮರತಿ ಹೇಳಿಕೊಟ್ಟಂತೆ ಒಮ್ಮೆ ಚಪ್ಪಾಳೆ ತಟ್ಟಿ, ಬಟ್ಟಲನ್ನು ತುಟಿಗಿಟ್ಟು ಒಂದೇ ಗುಟುಕಿಗೆ ಮುಗಿಸಿದರು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಸಿಸ್ಟರ್ ಅವರನ್ನು ನೋಡಲಿಲ್ಲ, ಬಟ್ಟಲನ್ನು ನೋಡುತ್ತಿದ್ದರು. ತರುಣ ಅದನ್ನು ತೊಳೆಯದೆ ಮತ್ತೆ ತುಂಬಿ ಪಕ್ಕದ ಮುದುಕನಿಗೆ ಕೊಟ್ಟ. ಮುದುಕ ಕುಡಿದು ಮೀಸೆ ಒರೆಸಿಕೊಂಡ.

"ಥೇಟ್ ಭೀಮಾ ಹೊಳಿ ರಾಡಿ ನೀರು," ಎಂದರು ಸಿಸ್ಟರ್ ನನ್ನ ಕಿವಿಯಲ್ಲಿ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನರ್ಸಾಗಿ ಹೇಳಬೇಕಂದ್ರ, ಅದನ್ನ ತೊಳೀಬೇಕಾಗಿತ್ತು ನೋಡು."

ಊರಿಗೆ ಮರಳಿದ ಮೇಲೆ ಆ ಗ್ಲಾಸು ಅವರ ಚೀಲದಲ್ಲಿಯೇ ಇತ್ತು. ಇನ್ನೇಕೆ ಎಂದು ಕೇಳಿದೆ. "ಅಲ್ಲಿ ಹೇಳಿ ಕುಡದೆ. ಇಲ್ಲಿ ಎಲ್ಲಾರಿಗೂ ಹೇಳದೇ ಗೊತ್ತದಲ್ಲ ಬೇ. ಗೊತ್ತಿದ್ದೂ 'ಗಿಲಾಸ್ ಒಳಗಿಡ್ರಿ, ನಮ್ಮ ಕಪ್ಪಿನಾಗ ಕುಡೀರಿ' ಅಂತ ಯಾರರೇ ಅನ್ಲಿ, ಆವಾಗ ನೋಡ್ತೇನಿ." ಅಂದೇ ನಮ್ಮ ಮನೆಗೆ ಕರೆದೊಯ್ದು ನಮ್ಮ ಕಪ್ಪಿನಲ್ಲಿ ಕೊಟ್ಟೆ, ಕುಡಿದರು. ತಾಯಿ ಒಳಕೋಣೆಯಿಂದ ಹೊರಗೆ ಬರಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಹಿರೋಳ್ಳಿಯಲ್ಲಿ, ತಮ್ಮನ ಮನೆಯಲ್ಲಿ. ಕಾಯಿಲೆ ಬಲಿತಿತ್ತು. ನೋಡಲು ಕರಜಗಿಯಿಂದಲೂ ಜನ ಬಂದಿದ್ದರು. ಅವರ ಕೈಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ತನ್ನ ಕೂಸಿನೊಂದಿಗೆ ಬಂದು ಕಾಲು ಮುಟ್ಟಿ ಅತ್ತಳು. ಅಳು ಸುಳ್ಳಲ್ಲ. ತಮ್ಮನ ಹೆಂಡತಿ ತಟ್ಟೆಯಲ್ಲಿ ಚಹಾ ತಂದಳು. "ಈಗಷ್ಟೇ ಆತ್ರಿ ಅಕ್ಕಾ, ಬ್ಯಾಡ್ರಿ" ಎಂದಳು ಆ ಹೆಣ್ಣುಮಗಳು. ಪಕ್ಕದವರೂ ಅದನ್ನೇ ಹೇಳಿದರು. ಕಪ್ಪುಗಳ ಮೇಲೆ ಕೆನೆ ಕಟ್ಟತೊಡಗಿತು.

ಅವರೆಲ್ಲ ಹೋದ ಮೇಲೆ ಸಿಸ್ಟರ್ ದಿಂಬಿಗೊರಗಿ ನಕ್ಕರು. "ನೋಡ್ ಬೇ, ಇಡೀ ತಾಲ್ಲೂಕಿಗೆ ಇವತ್ತ ಒಮ್ಮೆಲೇ ಚಹಾ ಆಗ್ಯಾದ." ನಂತರ ತಮ್ಮನ ಹೆಂಡತಿಯ ಕಡೆ ತಿರುಗಿ ಹೇಳಿದರು: "ನಾಳಿಗೂ ಮಾಡವ್ವ. ಬ್ಯಾಡ ಅನ್ನೂದು ಅವರಿಗೆ ಬಿಟ್ಟದ್ದು. ಕೊಡೂದು ನಾವು ಬಿಡಬಾರದು."

ಆ ತಿಂಗಳು ಮುಗಿಯುವ ಮೊದಲೇ ಅವರು ಹೋದರು. ನಾನು ಜೇವರ್ಗಿಯಿಂದ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಓದುಗರೇ, ಸಮಾನತೆಯ ಪರವಾಗಿ ನಾನು ವೇದಿಕೆಗಳಲ್ಲಿ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಆಡುವುದಿಲ್ಲ. ಒಂದೇ ವಿನಂತಿ. ನಿಮ್ಮ ಊರಿನಲ್ಲಿ ನೀವು ಬಾಗಿಲಲ್ಲಿಯೇ ನಿಂತು ಮಾತಾಡಿ ಬರುವ ಮನೆ ಯಾವುದೆಂದು ನಿಮಗೆ ಗೊತ್ತಿದೆ. ಈ ವಾರ ಆ ಮನೆಗೆ ಹೋಗಿ. ಒಳಗೆ ಕುಳಿತುಕೊಳ್ಳಿ. ಅವರು ಚಹಾ ಕೊಟ್ಟರೆ ಆರುವ ಮೊದಲು ಕುಡಿಯಿರಿ.