ಹಾಲಿನಾಗ ನಾದಿದ ದಶಮಿ

ನಮ್ಮ ಮನ್ಯಾಗ ಇರೋರು ಮೂರು ಮಂದಿ. ನಮ್ಮವ್ವ, ನಾನು, ನನ್ನ ಮಗಳು. ನಮ್ಮನಿಯವರದು ಪರ ಊರಿನ ನೌಕರಿ, ಶನಿವಾರಕ್ಕೊಮ್ಮೆ ಗದಗಿಗೆ ಬರ್ತಾರ, ಹಾಕಿದ್ದು ಉಂಡು ಸುಮ್ಮನ ಹೋಗ್ತಾರ, ಅವರನ್ನ ಲೆಕ್ಕಕ್ಕ ಹಿಡಿಯೂದು ಬ್ಯಾಡ. ಮೂರ ಮಂದಿಗೆ ಒಲಿ ಒಂದ, ಅಡಗಿ ಮಾತ್ರ ಮೂರು. ಇಷ್ಟು ಸಣ್ಣ ಅಡಗಿಮನ್ಯಾಗ ಇಷ್ಟು ಶುದ್ಧ ಹೆಂಗ ಹಿಡಸ್ತದ ಅಂತ ನಾ ಎಷ್ಟೋ ಸರ್ತಿ ಹಲ್ಲು ಕಡದೀನಿ.

ನನ್ನ ಮಗಳದು ಕ್ಲೀನ್ ಈಟಿಂಗ್. ಸಕ್ಕರಿ ಇಲ್ಲ, ಮೈದಾ ಇಲ್ಲ, ಕರದದ್ದು ಇಲ್ಲ, ಪಾಕೀಟಿನ್ಯಾಗಿಂದು ಏನೂ ಇಲ್ಲ. ಹಂಗಂತ ನವಣಕ್ಕಿ ಮಾತ್ರ ಚಂದನ್ನ ಪಾಕೀಟಿನ್ಯಾಗ ಕೊರಿಯರ್‌ದಾಗ ಬರ್ತದ. ಮುಂಡರಗಿ ಸಂತ್ಯಾಗ ಚೀಲಗಟ್ಟಲೆ ಸಿಗೂದನ್ನ ಯಾವ ಊರಿಂದ ತರಸ್ತಿ ಅಂತ ಕೇಳಿದ್ರ, "ಅವ್ವಾ, ಅದರ ಮ್ಯಾಲ ಎಲ್ಲಾ ಬರದಿರ್ತಾರ" ಅಂತಾಳ. ಸಣ್ಣ ಅಕ್ಷರದಾಗ ಬರದದ್ದು ಓದದ ಹೊರತು ಏನೂ ಬಾಯಿಗೆ ಹಾಕೂದಿಲ್ಲ.

ನಮ್ಮವ್ವಂದು ಮಡಿ. ನಮ್ಮಪ್ಪ ಲಕ್ಷ್ಮೇಶ್ವರದಾಗ ಗುಡಿ ಪೂಜಾ ಮಾಡ್ತಿದ್ದ, ನೈವೇದ್ಯದ ಅಡಗಿ ಅವ್ವಂದು. ಅಪ್ಪ ಹೋದಮ್ಯಾಲ, ಇಪ್ಪತ್ತು ವರ್ಷದ ಹಿಂದ, ನನ್ನ ಕಡೆ ಬಂದ್ಲು. ಗುಡಿ ಬಿಟ್ಟು ಬಂದ್ಲು, ಮಡಿ ಬಿಟ್ಟು ಬರ್ಲಿಲ್ಲ. ದಿನಾ ತಲಿ ಮ್ಯಾಲ ನೀರು ಹಾಕ್ಕೊಂಡು, ಎತ್ತರದ ಹಗ್ಗದ ಮ್ಯಾಲ ಒಣಗಿದ ಸೀರಿ ಕೋಲಿನಿಂದ ಇಳಿಸಿ ಉಟ್ಟು, ಯಾರನ್ನೂ ಮುಟ್ಟದ ತನ್ನ ಅನ್ನ-ಸಾರು ತಾನ ಮಾಡ್ಕೊಂಡು ಉಣ್ಣಾಕಿ. ನಾ ಮಾಡಿದ್ದು ಸೈತ ಆಕಿಗೆ ನಡೀತಿರಲಿಲ್ಲ. ಬೆಟಗೇರಿ ಸಾಲ್ಯಾಗ ನೂರಾರು ಮಕ್ಕಳನ್ನ ಮುಟ್ಟಿ ಬರೋ ಕೈ ಇದು.

ನನಗ ತಾಟು ತೊಳದಿದ್ರ ಸಾಕು, ಅನ್ನದಾಗ ಹರಳು ಇರದಿದ್ರ ಸಾಕು.

ಇನ್ನೊಬ್ಬಾಕಿ ಇದ್ದಾಳ, ನಮ್ಮ ಹಾಲಿನಾಕಿ. ಅಂತೂರ ಬೆಂತೂರಿಂದ ಮುಂಜಾನಿ ಬಸ್ಸಿಗೆ ಕ್ಯಾನು ಹಿಡ್ಕೊಂಡು ಬರ್ತಾಳ. ಅವ್ವ ನಮ್ಮ ಮನಿಗೆ ಬಂದಾಗಿಂದ ಹಾಲು ಆಕೀದ. ಒಂದು ದಿನ ನೀರು ಬೆರಸಿದಾಕಿ ಅಲ್ಲ. ಹೊಸ್ತಿಲ ಹೊರಗ ನಿಂತು ಹಾಲು ಸುರೀತಾಳ, ಒಳಗಿಂದ ಅವ್ವ ಪಾತೇಲಿ ಹಿಡೀತಾಳ, ಇಬ್ಬರೂ ಬಗ್ಗಿ ಬಗ್ಗಿ ಅರ್ಧಾ ತಾಸು ಮಾತಾಡ್ತಾರ. ಆಕಿ ಸೊಸಿ ಬಾಣಂತನ, ಎಮ್ಮಿ ಗಬ್ಬ, ಎಲ್ಲಾ ಖಬರ ಅವ್ವಗ ಮೊದಲು. ನಾ ಮಗಳು, ನನ್ನ ಕೂಡ ಅಷ್ಟು ಮಾತಾಡಿದಾಕಿ ಅಲ್ಲ. ಹಬ್ಬಕ್ಕ ಅವ್ವ ಆಕಿಗೆ ಹೋಳಗಿ, ಉಂಡಿ ತಪ್ಪಸದ ಕೊಡ್ತಿದ್ಲು. ಆದ್ರ ಕೊಡೂದು ಮ್ಯಾಲಿಂದ. ಹಾಲಿನಾಕಿ ಸೆರಗು ಒಡ್ಡಬೇಕು, ಅವ್ವ ಒಂದು ಮೊಳ ಮ್ಯಾಲಿಂದ ಬಿಡಬೇಕು. ನನಗ ನಾಚಿಕಿ ಆಗಿ ಒಳಗ ಹೋಗಿಬಿಡ್ತಿದ್ದೆ. ನಾ ಬಾಯಿ ಬಿಟ್ಟು ಏನೂ ಅಂದಾಕಿ ಅಲ್ಲ, ಅದು ನನ್ನ ತಪ್ಪು. ಹಾಲಿನಾಕಿ ನಗತ ನಗತ ಸೆರಗಿನ್ಯಾಗ ಗಂಟು ಹಾಕ್ಕೊಂಡು ಹೋಗ್ತಿದ್ಲು. ಮನ್ಯಾಗ ಮಕ್ಕಳಿಗೆ ಒಯ್ತಾಳ ಅಂತ ನಾ ತಿಳದಿದ್ದೆ.

ಹೋದ ವರ್ಷ ಅವ್ವನ ಕಣ್ಣಿನ ಪರಿ ತಗಸಿದ್ವಿ. ಆಪರೇಷನ್ ಚಲೋ ಆತು. ಡಾಕ್ಟರು ಒಂದು ಚೀಟಿ ಕೊಟ್ರು: ಒಂದು ತಿಂಗಳು ತಲಿ ಮ್ಯಾಲ ನೀರು ಹಾಕ್ಕೋಬಾರದು, ಒಲಿ ಮುಂದ ಹೋಗಬಾರದು. ರಿಕ್ಷಾದಾಗ ಬರೂಮುಂದ ಅವ್ವ ಒಂದ ಮಾತು ಅಂದ್ಲು: "ಹಂಗಾದ್ರ ಒಂದು ತಿಂಗಳು ನನಗ ಊಟಿಲ್ಲ." ನಾ ಚಾಷ್ಟಿ ಅಂತ ತಿಳದು ನಕ್ಕೆ.

ಚಾಷ್ಟಿ ಅಲ್ಲ, ಖರೆ. ತಲಿ ಮ್ಯಾಲ ನೀರಿಲ್ಲ ಅಂದ್ರ ಮಡಿ ಇಲ್ಲ. ಮಡಿ ಇಲ್ಲ ಅಂದ್ರ ತಾ ಮಾಡೂಹಂಗಿಲ್ಲ, ಮತ್ತೊಬ್ಬರು ಮಾಡಿದ್ದು ಉಣ್ಣೂಹಂಗಿಲ್ಲ. ಬಾಳಿಹಣ್ಣು, ಹಾಲು, ಮತ್ತ ಬಾಳಿಹಣ್ಣು. ನಾಲ್ಕು ದಿನ ನೋಡಿ, ಆತು, ನಾನ ಮಡಿ ಮಾಡ್ತೀನಿ ಅಂದೆ. ನಸಿಕಿನ್ಯಾಗ ಎದ್ದು ತಣ್ಣೀರು ಸುರಕೊಂಡು, ಕೋಲಿನಿಂದ ಸೀರಿ ಇಳಿಸಿ ಉಟ್ಟು, ಅನ್ನಕ್ಕ ಇಟ್ಟೆ. ಫೋನ್ ಬಾರಿಸ್ತು. ಹೆಡ್‌ಮಾಸ್ತರದು. ನಾ ಕೈ ಹಾಕಿ ಎತ್ತಿ, "ಹೂನ್ರಿ ಸರ್" ಅಂದುಬಿಟ್ಟೆ. ಒಳಗ ಹಾಸಿಗ್ಯಾಗ ಮಲಗಿದಾಕಿ ಕಿವಿ ಎಷ್ಟು ಚುರುಕು ನೋಡ್ರಿ. ಬೈಲಿಲ್ಲ. "ಇರಲಿ ಬಿಡು, ಬಾಳಿಹಣ್ಣು ಕೊಡು" ಅಂದ್ಲು. ಬೈದಿದ್ರ ನನಗ ಹಗರ ಆಗ್ತಿತ್ತು.

ಮಗಳು ತನ್ನ ವಿದ್ಯಾ ತಗದ್ಲು. "ಅಜ್ಜಿ, ಬೇಯಿಸದ್ದಕ್ಕ ಮಡಿ ಬೇಕಿಲ್ಲ ಅಲ್ಲ? ಮೊಳಕಿ ಕಾಳು ತಿನ್ನು, ಪ್ರೋಟೀನ್." ಅವ್ವಗೂ ಅದು ಪಸಂದ ಆತು. ಮೊಮ್ಮಗಳ ಶುದ್ಧ, ಅಜ್ಜಿ ಶುದ್ಧ ಒಂದ ಕಡೆ ಕೂಡಿದ್ದು ಅವತ್ತ ಮೊದಲು. ಆದ್ರ ಅವ್ವಗ ಹಲ್ಲು ಇರೋದು ಐದು. ಮಿಕ್ಸರಿಗೆ ಹಾಕ್ತೀನಿ ಅಂದ್ರ, "ಆ ಮಿಕ್ಸರಿನ್ಯಾಗ ನಿಮ್ಮವ್ವ ಬಳ್ಳೊಳ್ಳಿ ಖಾರ ಅರದಾಳ" ಅಂದ್ಲು. ಅಲ್ಲಿಗೆ ಅದೂ ಮುಗೀತು.

ಹನ್ನೆರಡನೇ ದಿನ ಬಚ್ಚಲಕ್ಕ ಹೋಗಿ ಬರೂಮುಂದ ಗೋಡಿ ಹಿಡದು ಕುಸದು ಕೂತ್ಲು. ಎತ್ತಿದೆ. ತೋಳು ಹಿಡದ್ರ ಎಲುಬು ಕೈಗೆ ಹತ್ತಿತು. ಡಾಕ್ಟರಿಗೆ ಫೋನ್ ಹಚ್ಚಿದ್ರ, ಖಾಲಿ ಹೊಟ್ಟ್ಯಾಗ ಗುಳಿಗಿ ನುಂಗಿದ್ರ ಹಿಂಗ ಆಗ್ತದ, ಊಟ ಮಾಡ್ಲಿಲ್ಲಂದ್ರ ದವಾಖಾನಿಗೆ ತಂದು ಸಲಾಯಿನ್ ಹಚ್ಚಬೇಕಾಗ್ತದ ಅಂದ್ರು. ದವಾಖಾನಿಗೆ ಹೋದ್ರ ಅಲ್ಲಿ ನೀರೂ ಮುಟ್ಟೂದಿಲ್ಲ ಈಕಿ, ನನಗ ಗೊತ್ತು. ಅವತ್ತು ಸಾಲಿಗೆ ರಜಾ ಹಾಕಿ, ಹೊರಗಿನ ಕಟ್ಟಿ ಮ್ಯಾಲ ಕೂತು ಅತ್ತೆ. ಸಿಟ್ಟಿಗೆ ಅತ್ತೆನೋ ಅಂಜಿಕಿಗೆ ಅತ್ತೆನೋ ನನಗ ತಿಳೀಲಿಲ್ಲ.

ಹಾಲಿನಾಕಿ ಬಂದಾಗ ನಾ ಹಂಗ ಕೂತಿದ್ದೆ. "ಯಾಕ್ರಿ ಅಕ್ಕಾರ?" ಅಂದ್ಲು. ಎಲ್ಲಾ ಹೇಳಿದೆ. ಕೇಳಿಸ್ಕೊಂಡ್ಲು, ಹಾಲು ಸುರದ್ಲು, ಹೋದ್ಲು.

ಮರುದಿನ ಮುಂಜಾನಿ ಕ್ಯಾನಿನ ಜೋಡಿ ಬಿಳೇ ಅರಿವ್ಯಾಗ ಕಟ್ಟಿದ ಗಂಟು ಇತ್ತು. ಅವ್ವ ನಡುಮನ್ಯಾಗ ಕುರ್ಚಿ ಮ್ಯಾಲ ಕಪ್ಪು ಚಷ್ಮಾ ಹಾಕ್ಕೊಂಡು ಕೂತಿದ್ಲು. ಹಾಲಿನಾಕಿ ಹೊಸ್ತಿಲ ಹೊರಗಿಂದ ಹೇಳಿದ್ಲು:

"ಅಮ್ಮಾರ, ದಶಮಿ ರೊಟ್ಟಿ ತಂದೇನ್ರಿ. ಬರೇ ಹಾಲಾಗ ನಾದೇನಿ, ಒಂದು ಹನಿ ನೀರು ಸೋಕಿಲ್ಲ. ಹಿಂದಕ ನೀವು ಪಂಢರಪುರಕ್ಕ ಹೋಗುಮುಂದ ಎರಡು ಲೀಟರ್ ಹೆಚ್ಚಿಗಿ ಹಾಲು ತಗೊಂಡಿದ್ರಿ. ಯಾಕ್ರಿ ಅಂತ ಕೇಳಿದ್ರ, ಹಾಲಾಗ ನಾದಿದ ರೊಟ್ಟಿಗೆ ಮುಸುರಿ ಇಲ್ಲ, ಪ್ರವಾಸದಾಗ ನಡೀತೈತಿ ಅಂತ ನೀವ ಹೇಳಿದ್ರಿ."

ಖರೆ. ನೀರು ಹಾಕಿ ಬೇಯಿಸಿದ್ದು ಮುಸುರಿ, ಅದಕ್ಕ ಮಡಿ ಬೇಕು. ಹಾಲಿನಾಗ ನಾದಿದ ದಶಮಿಗೆ ಬ್ಯಾಡ. ಸಣ್ಣಾಕಿದ್ದಾಗ ಎಷ್ಟು ಸರ್ತಿ ಬಸ್ಸಿನ್ಯಾಗ ಅದನ್ನ ಸೇಂಗಾ ಹಿಂಡಿ ಹಚ್ಕೊಂಡು ತಿಂದೀನಿ. ಹೊಟ್ಯಾಗ ಹುಟ್ಟಿದ ನನಗ ಹೊಳೀಲಿಲ್ಲ, ಹೊಸ್ತಿಲ ಹೊರಗಿನಾಕಿಗೆ ಹೊಳೀತು.

"ಜಳಕಾ ಮಾಡಿ ಮಾಡಿದೇನು?" ಅಂದ್ಲು ಅವ್ವ.

"ಹೂನ್ರಿ. ತಲಿ ಮ್ಯಾಲ ನೀರು ಹಾಕ್ಕೊಂಡು, ಹಸೀ ಸೀರ್‍ಯಾಗ ಮಾಡೇನಿ. ಆದ್ರ ಬಸ್ಸಿನ್ಯಾಗ ಮಂದಿ ಮುಟ್ಟ್ಯಾರ್ರಿ. ಸುಳ್ಳ ಯಾಕ ಹೇಳ್ಲಿ."

ಅವ್ವ ಗಂಟಿನ ಕಡೆ ಮಾರಿ ತಿರುಗಿಸಿ, "ಅಲ್ಲೇ ಕಟ್ಟಿ ಮ್ಯಾಲ ಇಡವಾ. ನೋಡ್ತೀನಿ" ಅಂದ್ಲು.

ಆಕಿ ನೋಡ್ತೀನಿ ಅಂದ್ರ ಒಲ್ಲೆ ಅಂತ ಅರ್ಥ. ಅಡ್ಡ ಬಂದದ್ದು ಬಸ್ಸೂ ಅಲ್ಲ, ನೀರೂ ಅಲ್ಲ, ಹಾಲಿನಾಕಿ ಕೈ. ನನಗ ತಡೀಲಿಲ್ಲ, ನಾಲಿಗಿ ಹರಿಬಿಟ್ಟೆ. "ಕೊಡಾಕಿಗೆ ಮನಸ್ಸದ, ತಗೊಳ್ಳಾಕಿಗೆ ಇಲ್ಲ. ಹಿಂಗ ಹಟಾ ಹಿಡದು ಸತ್ರ ಯಾವ ದೇವರು ಮೆಚ್ಚತಾನವಾ?" ಹೆತ್ತಾಕಿಗೆ ಅನಬಾರದ ಮಾತು. ಅಂದೆ.

ನನ್ನನ್ನ ತಡದಾಕಿ ಹಾಲಿನಾಕಿನ. "ಅಮ್ಮಾರಿಗೆ ಬೈಬ್ಯಾಡ್ರಿ ಅಕ್ಕಾರ. ಅವರಿಗೆ ಅವರ ಮಡಿ ಐತಿ. ನನಗೂ ಒಂದೈತ್ರಿ."

"ನಿಂದೇನು?" ಅಂದ್ಲು ಅವ್ವ.

ಆಕಿ ಸ್ವಲ್ಪ ಹೊತ್ತು ಕ್ಯಾನಿನ ಮುಚ್ಚಳ ತಿರುವಿದ್ಲು. "ಮ್ಯಾಲಿಂದ ಒಗದದ್ದು ನಾ ಉಣ್ಣಂಗಿಲ್ರಿ. ನಮ್ಮವ್ವ ಕಲಿಸ್ಯಾಳ. ಬಡವರಿದ್ರೂ ಕೈಯಾಗ ಕೊಟ್ರ ಉಣ್ಣು, ಇಲ್ಲಂದ್ರ ಬ್ಯಾಡ ಅಂತ."

"ಮತ್ತ ನಾ ಕೊಟ್ಟ ಹೋಳಗಿ?"

"ಎಮ್ಮಿಗೆ ಹಾಕ್ತಿದ್ನಿರಿ. ದೇವರ ಮುಂದ ಇಟ್ಟಿದ್ದು, ಚೆಲ್ಲಬಾರದಲ್ರೀ."

"ಉಂಡಿ?"

"ಅದೂ ಎಮ್ಮಿಗೇರಿ."

ಇಪ್ಪತ್ತು ವರ್ಷದ ಹೋಳಗಿ, ಇಪ್ಪತ್ತು ಪಂಚಮಿ ಉಂಡಿ. ಆಕಿ ಸಿಟ್ಟಿಲೆ ಹೇಳಲಿಲ್ಲ, ಎಮ್ಮಿ ಎಷ್ಟು ಹಾಲು ಕೊಡ್ತದ ಅಂತ ಹೇಳಿದಂಗ ಹೇಳಿದ್ಲು. ನಾನೂ ಮಗಳೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಅವ್ವ ಚಷ್ಮಾ ತಗದ್ಲು. ತಗೀಬಾರದು, ಡಾಕ್ಟರು ಹೇಳಿದ್ರು. ಹೊಸಾ ಕಣ್ಣಿಲೆ ಹಾಲಿನಾಕಿ ಮಾರಿ ನೋಡಿದ್ಲು, ಭಾಳ ಹೊತ್ತು ನೋಡಿದ್ಲು.

"ಯಾಕ ಹೇಳ್ಲಿಲ್ಲ ನೀ?"

"ನಿಮಗ ಕೆಟ್ಟನಸ್ತೈತಿ ಅಂತರಿ."

"ಒಳಗ ಬಾ" ಅಂದ್ಲು ಅವ್ವ.

ಹಾಲಿನಾಕಿ ನನ್ನ ಕಡೆ ನೋಡಿದ್ಲು. ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು ಒಳಗ ಬಂದ್ಲು. ಅವ್ವ ಕೈ ಮುಂದ ಮಾಡಿ, "ತಾ. ಕೈಯಾಗ ಕೊಡು" ಅಂದ್ಲು. ಆಕಿ ಗಂಟು ಬಿಚ್ಚಿ ಒಂದು ದಶಮಿ ಕೈಯಾಗ ಇಟ್ಲು. ಅವ್ವ ಅದನ್ನ ಎರಡು ಮಾಡಿ ಅರ್ಧಾ ಆಕಿ ಕೈಯಾಗ ಇಟ್ಲು. ಕೈಗೆ ಕೈ ಹತ್ತಿತು. ಇಬ್ಬರೂ ತಿಂದ್ರು. ಐದು ಹಲ್ಲಿನಾಕಿಗೆ ಆ ಮೆತ್ತನ್ನ ರೊಟ್ಟಿ ಹಾಲಿನಾಗ ಅದ್ದಿ ಅದ್ದಿ ತಿನ್ನಲಿಕ್ಕೆ ಭಾಳ ಹೊತ್ತು ಹಿಡೀತು. ನಾ ಅಡಗಿಮನಿಗೆ ಹೋಗಿ ಕಣ್ಣು ಒರಸ್ಕೊಂಡು ಬಂದೆ.

ಆಮ್ಯಾಲ ತಿಂಗಳು ಮುಗಿಯೂತನಕ ದಿನಾ ದಶಮಿ ಬಂತು. ಮಗಳು ಅದಕ್ಕ ಏನೇನು ಹಾಕೀರಿ ಅಂತ ಕೇಳಿದ್ಲು. "ಜ್ವಾಳದ ಹಿಟ್ಟು, ಹಾಲು, ಉಪ್ಪು" ಅಂದ್ಲು ಹಾಲಿನಾಕಿ. ಓದಲಿಕ್ಕೆ ಸಣ್ಣ ಅಕ್ಷರ ಇರಲಿಲ್ಲ, ಮಗಳೂ ಎರಡು ತಿಂದ್ಲು.

ಅವ್ವ ಬದಲಾದ್ಲು ಅಂತ ತಿಳೀಬ್ಯಾಡ್ರಿ. ತಲಿ ಮ್ಯಾಲ ನೀರು ಹಾಕ್ಕೊಂಡ ದಿನಾನ ಕೋಲು, ಸೀರಿ, ಮಡಿ, ಎಲ್ಲಾ ಮೊದಲಿನಂಗ ಸುರು ಆತು. ನನ್ನ ಫೋನ್ ಕಂಡ್ರ ಈಗಲೂ ದೂರ ಸರೀತಾಳ. ನನಗೂ ಸಿಟ್ಟು ಬರ್ತದ, ಹಲ್ಲು ಕಡೀತೀನಿ.

ಪಂಚಮಿ ಬಂತು. ನೈವೇದ್ಯ ಮುಗಿಸಿ, ತನ್ನ ಊಟಾ ಆಗಿ ಮಡಿ ಬಿಟ್ಟಮ್ಯಾಲ, ಹಾಲಿನಾಕಿಗೆ ಬಾ ಅಂತ ಹೇಳಿದ ಹೊತ್ತಿಗೆ ಅವ್ವ ಉಂಡಿ ಡಬ್ಬಿ ಹಿಡ್ಕೊಂಡು ಬಾಗಲಿಗೆ ಬಂದು ನಿಂತ್ಲು. ರೂಢಿ ಅಲ್ಲ? ಆಕಿ ಸೆರಗು ಒಡ್ಡಿದ್ಲು. ಅವ್ವ ಆಕಿ ಮುಂಗೈ ಹಿಡದು, ಅಂಗೈ ಬಿಡಿಸಿ, ಎಳ್ಳಿನ ಉಂಡಿ ಇಟ್ಟು ಬೆರಳು ಮುಚ್ಚಿದ್ಲು.

"ಇದು ನಿನಗ. ಇಲ್ಲೇ ನನ್ನ ಮುಂದ ತಿನ್ನು."

ಆಮ್ಯಾಲ ಇನ್ನೊಂದು ಉಂಡಿ ತಗದು, ಒಂದು ಮೊಳ ಮ್ಯಾಲಿಂದ ಸೆರಗಿನ್ಯಾಗ ಬಿಟ್ಲು.

"ಇದು ಎಮ್ಮಿಗೆ."